ಕಾಲ ಪರೀಕ್ಷೆ ಮಾಡುವುದಿಲ್ಲ

ನಾಟಿ ಔಷಧದ ಚರ್ಚೆ ಎಲ್ಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ಸಾವಿರಾರು ವರ್ಷಗಳಿಂದ ಜನ ಬಳಸಿಕೊಂಡು ಬಂದಿದ್ದಾರೆ, ಗುಣವಿಲ್ಲದಿದ್ದರೆ ಇಷ್ಟರೊಳಗೆ ಬಿಟ್ಟುಬಿಡುತ್ತಿರಲಿಲ್ಲವೇ? ಮದುವೆಮನೆಯ ಪಂಕ್ತಿಯಲ್ಲಿ ಈ ಮಾತು ಕೇಳುತ್ತೇವೆ, ಟಿ.ವಿ.ಯ ಬೆಳಗಿನ ಕಾರ್ಯಕ್ರಮದಲ್ಲಿ ಕೇಳುತ್ತೇವೆ, ಎಂಜಿನಿಯರಿಂಗ್ ಓದಿದ ಮಕ್ಕಳ ಬಾಯಲ್ಲೂ ಕೇಳುತ್ತೇವೆ. ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಈಜಿಪ್ಟಿನವರು, ಗ್ರೀಕರು, ಚೀನೀಯರು, ನಮ್ಮ ಹಿರಿಯರು, ಹೀಗೆ ಒಬ್ಬರ ಮುಖ ಒಬ್ಬರು ನೋಡದ ಜನ ಒಂದೇ ಮದ್ದನ್ನು ಕಂಡುಕೊಂಡಿದ್ದಾರೆ ಎಂದರೆ ಅದು ಸುಳ್ಳಾಗುವುದು ಹೇಗೆ? ಕೇಳಿದವರು ತಲೆದೂಗುತ್ತಾರೆ. ವಾದ ಅಲ್ಲಿಗೆ ಮುಗಿಯುತ್ತದೆ.

ಮುಗಿಯಬಾರದು. ಆರೋಗ್ಯದ ವಿಷಯದಲ್ಲಿ ಇಷ್ಟು ಸಲೀಸಾಗಿ ಒಪ್ಪಿಗೆ ಪಡೆದ, ಇಷ್ಟು ಅಪಾಯದ ತಪ್ಪು ತಿಳಿವಳಿಕೆ ಮತ್ತೊಂದಿಲ್ಲ. ಹಿಂದಿನವರು ದಡ್ಡರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಹಳ್ಳಿಯ ಮದ್ದೆಲ್ಲ ಮೋಸ ಎಂದೂ ಹೇಳುತ್ತಿಲ್ಲ. ಕಾಲ ಯಾವ ಮದ್ದನ್ನೂ ಪರೀಕ್ಷೆ ಮಾಡುವುದಿಲ್ಲ, ಅದು ಸುಮ್ಮನೆ ಕಳೆದುಹೋಗುತ್ತದೆ ಎನ್ನುವುದು ನನ್ನ ಮಾತು. ಪರೀಕ್ಷೆ ಮಾಡುವವರು ಮನುಷ್ಯರು, ಅದೂ ಗುಣವಾದವರ ಜೊತೆಗೆ ಗುಣವಾಗದವರನ್ನೂ ಎಣಿಸಿ ಬರೆದಿಡುವ ಮನುಷ್ಯರು. ಇದನ್ನು ಒಂದು ಬಳ್ಳಿಯ ಕಥೆಯಿಂದಲೇ ತೋರಿಸಬಹುದು.

ಈಶ್ವರಿ ಬಳ್ಳಿ ನಮ್ಮ ಹಿತ್ತಲುಗಳಿಗೆ ಹೊಸತಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೇಲಿಗೆ ಹಬ್ಬಿಸುತ್ತಾರೆ; ಅದಿದ್ದ ಕಡೆ ಹಾವು ಸುಳಿಯುವುದಿಲ್ಲ ಎನ್ನುತ್ತಾರೆ. ಹಾವು ಕಚ್ಚಿದವರಿಗೆ ಬೇರು ತೇಯ್ದು ಕುಡಿಸುತ್ತಾರೆ, ಜ್ವರಕ್ಕೆ, ಹೊಟ್ಟೆನೋವಿಗೆ, ಮುಟ್ಟಿನ ತೊಂದರೆಗೆ ಕೊಡುತ್ತಾರೆ. ಅದರ ಹೂವನ್ನು ಹತ್ತಿರದಿಂದ ನೋಡಿದವರಿಗೆ ಈ ನಂಬಿಕೆ ಎಲ್ಲಿಂದ ಬಂದಿರಬಹುದು ಎಂದು ಹೊಳೆಯುತ್ತದೆ. ಬುಡದಲ್ಲಿ ಉಬ್ಬಿದ ಗೋಲ, ಅದರಿಂದ ಬಾಗಿ ಮೇಲೇಳುವ ಕೊಳವೆ, ತುದಿಯಲ್ಲಿ ಹೆಡೆಯಂತೆ ಅಗಲವಾದ ಒಂದೇ ಎಸಳು. ಕಣ್ಣಿಗೆ ಕಂಡ ಆಕಾರದಲ್ಲೇ ಮದ್ದಿನ ಗುಣವನ್ನು ಓದುವ ರೂಢಿ ಪ್ರಾಚೀನ ಜಗತ್ತಿನಲ್ಲೆಲ್ಲ ಇತ್ತು. ಹಾವನ್ನು ಕಂಡವರು ಹಾವಿನ ಮದ್ದು ಎಂದರು, ಗರ್ಭಕೋಶವನ್ನು ಕಂಡವರು ಹೆರಿಗೆಯ ಮದ್ದು ಎಂದರು.

ವಿಜ್ಞಾನಿಗಳು ಅರಿಸ್ಟೊಲೋಕಿಯ ಎಂದು ಕರೆಯುವ ಈ ಕುಲದ ನೂರಾರು ಪ್ರಭೇದಗಳು ಜಗತ್ತಿನ ತುಂಬ ಹರಡಿವೆ, ಮತ್ತು ಹರಡಿದಲ್ಲೆಲ್ಲ ಮದ್ದಾಗಿವೆ. ಗ್ರೀಸಿನ ಥಿಯೊಫ್ರಾಸ್ಟಸ್ ಇದರ ಬಗ್ಗೆ ಬರೆದ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಡಯಾಸ್ಕೊರಿಡೀಸ್ ಹೆರಿಗೆಗೂ ವಿಷಕ್ಕೂ ಇದನ್ನು ಹೇಳಿದ. ಮಧ್ಯಯುಗದ ಯುರೋಪಿನಲ್ಲಿ ಸೂಲಗಿತ್ತಿಯರು ಇದನ್ನು ಬಸುರಿಯರಿಗೂ ಬಾಣಂತಿಯರಿಗೂ ಕೊಟ್ಟರು. ಚೀನಾದಲ್ಲಿ ಈ ಕುಲದ ಹಲವು ಗಿಡಗಳು ಸಂಧಿವಾತಕ್ಕೆ, ಕೆಮ್ಮಿಗೆ, ಬಾವಿಗೆ ಬಳಕೆಯಾದವು. ಉತ್ತರ ಅಮೆರಿಕದ ಮೂಲನಿವಾಸಿಗಳು ತಮ್ಮ ಕಾಡಿನ ಪ್ರಭೇದವೊಂದರ ಬೇರನ್ನು ಹಾವಿನ ಕಡಿತಕ್ಕೆ ಬಳಸಿದರು. ಹೀಗೆ ಎರಡು ಸಾವಿರ ವರ್ಷಕ್ಕೂ ಮೀರಿದ ಬಳಕೆ, ಸಾಗರಗಳಾಚೆಯ ಜನರ ಒಕ್ಕೊರಲ ಒಪ್ಪಿಗೆ ಎರಡೂ ಈ ಬಳ್ಳಿಗಿದ್ದವು. ನಮ್ಮ ವಾದಿಗಳು ಒಂದು ಮದ್ದಿಗೆ ಏನೇನು ಸಾಕ್ಷಿ ಬೇಕು ಎನ್ನುತ್ತಾರೋ ಅಷ್ಟೂ ಇದ್ದವು.

ಈಗ ಬ್ರಸೆಲ್ಸ್‌ಗೆ ಬರೋಣ. 1990ರ ದಶಕದ ಆರಂಭದಲ್ಲಿ ಅಲ್ಲಿನ ತೂಕ ಇಳಿಸುವ ಕ್ಲಿನಿಕ್ ಒಂದು ತನ್ನ ಮಾತ್ರೆಗಳಲ್ಲಿ ಚೀನೀ ಗಿಡಮೂಲಿಕೆಗಳನ್ನು ಸೇರಿಸಿತು. ಸ್ವಲ್ಪ ದಿನಗಳಲ್ಲೇ ಐವತ್ತು ವರ್ಷದೊಳಗಿನ ಹೆಂಗಸರು ಕಿಡ್ನಿ ಕೆಟ್ಟು ಆಸ್ಪತ್ರೆಗೆ ಬರತೊಡಗಿದರು. ಡಾ. ವಾನ್‌ಹರ್ವೆಗೆಮ್ ಮತ್ತು ಸಹೋದ್ಯೋಗಿಗಳಿಗೆ ಅನುಮಾನ ಬಂತು. ಆ ಕಿಡ್ನಿಗಳಲ್ಲಿ ಊತವಿರಲಿಲ್ಲ, ಸೋಂಕಿರಲಿಲ್ಲ. ಜೀವಂತ ಅಂಗಾಂಶವಿದ್ದ ಕಡೆ ಗಾಯ ಒಣಗಿದಂಥ ನಾರು ತುಂಬಿಕೊಂಡಿತ್ತು. ಎಲ್ಲರನ್ನೂ ಕೇಳಿ ನೋಡಿದರೆ ಎಲ್ಲರೂ ಒಂದೇ ಕ್ಲಿನಿಕ್ಕಿನ ಮಾತ್ರೆ ನುಂಗಿದವರು. 1993ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮುಂದೆ ಆ ಸಂಖ್ಯೆ ನೂರು ದಾಟಿತು. ಮಾತ್ರೆಯೊಳಗಿದ್ದದ್ದು ಅರಿಸ್ಟೊಲೋಕಿಯದ ಒಂದು ಪ್ರಭೇದ. ಕಿಡ್ನಿ ಕಳೆದುಕೊಂಡವರಲ್ಲಿ 39 ಮಂದಿ ಮುನ್ನೆಚ್ಚರಿಕೆಯಾಗಿ ಕೆಲಸಕ್ಕೆ ಬಾರದ ಕಿಡ್ನಿಯನ್ನೂ ಮೂತ್ರನಾಳವನ್ನೂ ತೆಗೆಸಿಕೊಳ್ಳಲು ಒಪ್ಪಿದರು. ತೆಗೆದು ನೋಡಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಇತ್ತು. ಇದು ವರದಿಯಾದದ್ದು 2000ರಲ್ಲಿ.

ಬಾಲ್ಕನ್ ಪ್ರದೇಶದಲ್ಲಿ ಇನ್ನೊಂದು ಹಳೆಯ ಒಗಟಿತ್ತು. ಡ್ಯಾನ್ಯೂಬ್ ನದಿಯ ಉಪನದಿಗಳ ದಡದ ಕೆಲವು ಹಳ್ಳಿಗಳಲ್ಲಿ, ಸರ್ಬಿಯ, ಕ್ರೊಯೇಷಿಯ, ಬೋಸ್ನಿಯ, ಬಲ್ಗೇರಿಯ, ರೊಮೇನಿಯಗಳಲ್ಲಿ, ರೈತರ ಕಿಡ್ನಿ ಕುಗ್ಗುತ್ತಿತ್ತು, ಜೊತೆಗೆ ಮೂತ್ರನಾಳದ ಕ್ಯಾನ್ಸರ್. 1950ರ ದಶಕದಿಂದ ವೈದ್ಯರು ನೀರನ್ನು ಶಂಕಿಸಿದರು, ವೈರಾಣುವನ್ನು ಶಂಕಿಸಿದರು, ವಂಶವಾಹಿಯನ್ನು ಶಂಕಿಸಿದರು. ಕೊನೆಗೆ ಸಿಕ್ಕಿಬಿದ್ದದ್ದು ಗೋಧಿ ಹೊಲದ ಅಂಚಿನಲ್ಲಿ ಕಳೆಯಾಗಿ ಬೆಳೆಯುತ್ತಿದ್ದ ಇದೇ ಕುಲದ ಗಿಡ. ಅದರ ಬೀಜ ಕೊಯ್ಲಿನಲ್ಲಿ ಗೋಧಿಯ ಜೊತೆ ಸೇರಿ, ಹಿಟ್ಟಾಗಿ, ರೊಟ್ಟಿಯಾಗಿ ದಿನವೂ ಹೊಟ್ಟೆಗೆ ಹೋಗುತ್ತಿತ್ತು.

ವಿಷ ಕೆಲಸ ಮಾಡುವ ಬಗೆಯೂ ಈಗ ಗೊತ್ತಿದೆ. ಗಿಡದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ದೇಹದೊಳಗೆ ರೂಪ ಬದಲಿಸಿ ಕಿಡ್ನಿಯ ಜೀವಕೋಶಗಳ ಡಿಎನ್ಎಗೆ ಅಂಟಿಕೊಳ್ಳುತ್ತದೆ, ಮುಖ್ಯವಾಗಿ ಅಡೆನಿನ್ ಇರುವ ಜಾಗಕ್ಕೆ. ಜೀವಕೋಶ ಒಡೆದು ಎರಡಾಗುವಾಗ ಆ ಜಾಗದಲ್ಲಿ ಥೈಮಿನ್ ಬಂದು ಕೂರುತ್ತದೆ. ಈ ರೀತಿಯ ಬದಲಾವಣೆ ಬೇರೆ ಕಾರಣಗಳಿಂದ ಆಗುವುದು ಅಪರೂಪ. ಹಾಗಾಗಿ ಗೆಡ್ಡೆಯ ಡಿಎನ್ಎ ಓದಿದರೆ, ರೋಗಿ ಯಾವತ್ತೋ ಈ ಗಿಡವನ್ನು ಸೇವಿಸಿದ್ದ ಎಂದು ಹತ್ತಿಪ್ಪತ್ತು ವರ್ಷಗಳ ನಂತರವೂ ಹೇಳಬಹುದು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ನಮ್ಮ ಈಶ್ವರಿ ಬಳ್ಳಿಯಲ್ಲೂ ಇದೇ ಆಮ್ಲವಿದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸಹ್ಯಾದ್ರಿಯ ದೊಡ್ಡ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಕುಲದ ಬಳ್ಳಿಗಳ ಮೇಲೆ. ಎಲೆ ತಿಂದು ಬೆಳೆಯುವ ಮರಿಹುಳು ಆ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಹಕ್ಕಿಗಳು ಅದಕ್ಕೆ ಬಾಯಿ ಹಾಕಲು ಹಿಂಜರಿಯುತ್ತವೆ. ಗಿಡ ಆ ಆಮ್ಲವನ್ನು ತಯಾರಿಸುವುದು ತನ್ನನ್ನು ತಿನ್ನಬರುವವರ ವಿರುದ್ಧ. ನಮಗೆ ಮದ್ದಾಗಲಿ ಎಂದು ಯಾವ ಗಿಡವೂ ವಿಕಾಸವಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಖಂಡಿತ ಬರುತ್ತದೆ. ಬ್ರಸೆಲ್ಸ್‌ನಲ್ಲಿ ಒಂದು ಗಿಡದ ಬದಲು ಇನ್ನೊಂದು ಬಂದು ಸೇರಿತ್ತು, ಬಳಸಿದ ರೀತಿಯೂ ಪರಂಪರೆಯದಲ್ಲ, ತಪ್ಪು ಕ್ಲಿನಿಕ್ಕಿನದು ಎನ್ನುತ್ತಾರೆ. ಗಿಡ ಅದಲುಬದಲಾದದ್ದು ನಿಜ. ಆದರೆ ತೈವಾನಿಗೆ ಏನು ಹೇಳುತ್ತೀರಿ? ಅಲ್ಲಿ ಪರಂಪರೆಯ ವೈದ್ಯರೇ, ಪರಂಪರೆಯ ರೀತಿಯಲ್ಲೇ ಬರೆದುಕೊಟ್ಟ ಔಷಧಗಳವು. 1997ರಿಂದ 2003ರ ಒಳಗೆ ಅಲ್ಲಿನ ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು ಜನರಿಗೆ ಈ ಆಮ್ಲವಿರುವ ಮೂಲಿಕೆಗಳನ್ನು ಕೊಡಲಾಗಿತ್ತು ಎಂದು ಆ ದೇಶದ ಆರೋಗ್ಯ ವಿಮೆಯ ದಾಖಲೆಗಳೇ ಹೇಳಿದವು. ಮೂತ್ರನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಕಡೆಗಳಲ್ಲಿ ತೈವಾನ್ ಒಂದು.

ಎರಡು ಸಾವಿರ ವರ್ಷ ಇದು ಯಾರ ಕಣ್ಣಿಗೂ ಬೀಳದೇ ಹೋದದ್ದು ಹೇಗೆ? ಬೀಳಲು ಸಾಧ್ಯವೇ ಇರಲಿಲ್ಲ. ಹೆರಿಗೆಯ ಹೊತ್ತಿಗೆ ಕಷಾಯ ಕುಡಿದ ಹೆಂಗಸಿಗೆ ಇಪ್ಪತ್ತು ವರ್ಷದ ಮೇಲೆ ಮೂತ್ರದಲ್ಲಿ ರಕ್ತ ಕಂಡರೆ, ಆ ಕಷಾಯಕ್ಕೂ ಈ ರಕ್ತಕ್ಕೂ ನಂಟು ಕಟ್ಟುವವರು ಯಾರು? ಸೂಲಗಿತ್ತಿ ತೀರಿಕೊಂಡಿರುತ್ತಾಳೆ. ಬರವಣಿಗೆಯಲ್ಲಿ ಏನೂ ಇರುವುದಿಲ್ಲ. ಕುಡಿಯದ ಹೆಂಗಸರಲ್ಲಿ ಎಷ್ಟು ಜನಕ್ಕೆ ಹೀಗಾಯಿತು ಎಂಬ ಲೆಕ್ಕವಂತೂ ಯಾರ ಬಳಿಯೂ ಇರುವುದಿಲ್ಲ. ವತ್ಸನಾಭಿ ವಿಷ ಎಂದು ನಮ್ಮ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಶುದ್ಧಿ ಮಾಡುವ ಕ್ರಮವನ್ನೂ ರೂಪಿಸಿದ್ದರು, ಏಕೆಂದರೆ ಅದು ಗಂಟೆಗಳಲ್ಲಿ ಕೊಲ್ಲುತ್ತದೆ. ದತ್ತೂರಿ ಗೊತ್ತಿತ್ತು, ಗುಲಗಂಜಿ ಗೊತ್ತಿತ್ತು. ಬೇಗ ಕೊಲ್ಲುವುದನ್ನು ಅನುಭವ ಹಿಡಿಯುತ್ತದೆ. ನಿಧಾನಕ್ಕೆ ಕೊಲ್ಲುವುದು ಅನುಭವದ ಕೈಗೆ ಸಿಗುವುದೇ ಇಲ್ಲ, ಅದು ಎರಡು ವರ್ಷದ ಅನುಭವವಾಗಲಿ, ಎರಡು ಸಾವಿರ ವರ್ಷದ್ದಾಗಲಿ.

ಎಲ್ಲ ನಾಗರಿಕತೆಗಳೂ ಒಪ್ಪಿದವು ಎಂಬ ಮಾತಿಗೆ ಬಂದರೆ, ರಕ್ತ ತೆಗೆಯುವ ಚಿಕಿತ್ಸೆಯಷ್ಟು ದೊಡ್ಡ ಒಪ್ಪಿಗೆ ಇನ್ನಾವ ಚಿಕಿತ್ಸೆಗೂ ಸಿಕ್ಕಿರಲಾರದು. ಗ್ರೀಕರು ತೆಗೆದರು, ರೋಮಿನ ಗೇಲನ್ ಅದಕ್ಕೆ ಶಾಸ್ತ್ರ ಬರೆದ, ಅರಬರು ಮುಂದುವರಿಸಿದರು, ನಮ್ಮ ಸುಶ್ರುತ ಸಂಹಿತೆ ಜಿಗಣೆಗಳಿಗೂ ಸಿರಾವೇಧಕ್ಕೂ ಅಧ್ಯಾಯಗಳನ್ನೇ ಮೀಸಲಿಟ್ಟಿತು. 1799ರ ಡಿಸೆಂಬರಿನಲ್ಲಿ ಗಂಟಲು ಬೇನೆಯಿಂದ ಮಲಗಿದ ಜಾರ್ಜ್ ವಾಷಿಂಗ್ಟನ್‌ನ ಮೈಯಿಂದ ವೈದ್ಯರು ಒಂದು ದಿನದೊಳಗೆ ಎರಡು ಲೀಟರಿಗೂ ಹೆಚ್ಚು ರಕ್ತ ಬಸಿದರು. ಆತ ಅದೇ ರಾತ್ರಿ ತೀರಿಕೊಂಡ. ಫ್ರಾನ್ಸ್ 1833ರಲ್ಲಿ ಹೊರಗಿನಿಂದ ತರಿಸಿಕೊಂಡ ಜಿಗಣೆಗಳ ಸಂಖ್ಯೆ 4 ಕೋಟಿ ದಾಟಿತ್ತು. ಅದೇ ಫ್ರಾನ್ಸಿನಲ್ಲಿ ಪಿಯರ್ ಲೂಯಿ ಎಂಬ ವೈದ್ಯ ಯಾರೂ ಮಾಡದ ಕೆಲಸವೊಂದನ್ನು ಮಾಡಿದ. ನ್ಯುಮೋನಿಯ ಬಂದ 77 ರೋಗಿಗಳ ದಾಖಲೆ ಹಿಡಿದು ಕುಳಿತು ಎಣಿಸಿದ. ಕಾಯಿಲೆಯ ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡವರಲ್ಲಿ ನೂರಕ್ಕೆ 44 ಮಂದಿ ಸತ್ತಿದ್ದರು, ತಡವಾಗಿ ತೆಗೆಸಿಕೊಂಡವರಲ್ಲಿ ನೂರಕ್ಕೆ 25. ಅವನ ಎಣಿಕೆ ಚಿಕ್ಕದು, ಇಂದಿನ ಅಳತೆಯಲ್ಲಿ ಲೋಪಗಳೂ ಇವೆ. ಆದರೂ ಎರಡು ಸಾವಿರ ವರ್ಷಗಳ ನಂಬಿಕೆ ಅಲುಗಾಡಿದ್ದು ಆ ಎಣಿಕೆಯಿಂದ.

ಹಾಗಾದರೆ ಗುಣವಾದವರು ಕಣ್ಣೆದುರಿಗೇ ಇದ್ದಾರಲ್ಲ ಎಂದು ಕೇಳುತ್ತಾರೆ. ಇದ್ದಾರೆ. ಅವರು ಹೇಗೆ ಗುಣವಾದರು ಎಂದು ನೋಡಬೇಕು. ಕಾಮಾಲೆಗೆ ಮದ್ದು ಕೊಡುವ ಮನೆಗಳು ಕರ್ನಾಟಕದ ಯಾವ ತಾಲ್ಲೂಕಿನಲ್ಲಿಲ್ಲ? ಭಾನುವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ, ಹಸಿರು ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುತ್ತಾರೆ, ಖಾರ ಎಣ್ಣೆ ಬಿಟ್ಟು ಪಥ್ಯ ಮಾಡುತ್ತಾರೆ, ಮೂರು ವಾರದಲ್ಲಿ ಕಣ್ಣು ಬೆಳ್ಳಗಾಗುತ್ತದೆ. ಕಾಮಾಲೆಗೆ ಬಹಳ ಸಾಮಾನ್ಯವಾದ ಕಾರಣ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ. ಅದು ಹೆಚ್ಚಿನವರಲ್ಲಿ ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮದ್ದು ಕೊಟ್ಟವರಿಗೂ ಪಡೆದವರಿಗೂ ಇದರಲ್ಲಿ ಮೋಸದ ಉದ್ದೇಶವಿಲ್ಲ, ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಕೈ ತೊಳೆಸಿ ಬೋಗುಣಿಯಲ್ಲಿ ಹಳದಿ ನೀರು ಇಳಿಸಿ ತೋರಿಸುವವರ ವಿಷಯ ಬೇರೆ. ಮಾವಿನ ತೊಗಟೆಯ ರಸ ಸವರಿದ ಕೈಯನ್ನು ಸುಣ್ಣದ ತಿಳಿಯಲ್ಲಿ ತೊಳೆದರೆ ಆರೋಗ್ಯವಂತರ ಕೈಯಿಂದಲೂ ಹಳದಿ ಇಳಿಯುತ್ತದೆ. ನನ್ನ ಸಂಕಟವಿರುವುದು ಅದೇ ಸಾಲಿನಲ್ಲಿ ನಿಂತ ಉಳಿದವರ ಬಗ್ಗೆ: ಇಲಿಜ್ವರದಿಂದ ಕಣ್ಣು ಹಳದಿಯಾದ ಗದ್ದೆಯ ಕೂಲಿ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡ ಮುದುಕಿ, ಹೆಪಟೈಟಿಸ್ ಬಿ ಇರುವ ತರುಣ. ಅವರಿಗೂ ಅದೇ ಉಂಡೆ, ಅದೇ ಪಥ್ಯ. ಅವರ ಕಥೆಯನ್ನು ಹೇಳಲು ಅವರು ಮರಳಿ ಆ ಮನೆಗೆ ಬರುವುದಿಲ್ಲ.

ಹಾವಿನ ಕಡಿತದಲ್ಲಿ ಈ ಲೆಕ್ಕ ಇನ್ನೂ ಕ್ರೂರ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ, ವಿಷದವು 60ರ ಆಸುಪಾಸು. ಕೇರೆಹಾವು, ನೀರುಹಾವು, ತೋಳಹಾವು ಕಚ್ಚಿದವರಿಗೆ ಯಾವ ಬೇರು ಕುಡಿಸಿದರೂ ಬದುಕುತ್ತಾರೆ. ನಾಗರಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಒಳಗಿಳಿದಿರುವುದಿಲ್ಲ. ಹೀಗೆ ಮಂತ್ರ ಹಾಕುವವರ, ಬೇರು ಕೊಡುವವರ ಖಾತೆಗೆ ಗೆಲುವು ಸೇರುತ್ತಲೇ ಹೋಗುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ನೋವೂ ಹೆಚ್ಚಿಲ್ಲ, ಬಾವೂ ಇಲ್ಲ. ಬೆಳಗಾಗುವುದರೊಳಗೆ ರೆಪ್ಪೆ ಜೋಲುತ್ತದೆ, ಉಸಿರು ನಿಲ್ಲುತ್ತದೆ. ಆಗ ಬೇರು ಕೊಟ್ಟವರನ್ನು ಯಾರೂ ದೂರುವುದಿಲ್ಲ, ತಡವಾಗಿ ತಂದಿರಿ ಎಂಬ ಮಾತು ಸಿದ್ಧವಾಗಿರುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವಿನ ಕಡಿತದಿಂದ ಸಾಯುತ್ತಾರೆ ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳಿಗೆ ಸೇರಿಸಿತು. ಆವರೆಗೆ ಎಷ್ಟೋ ಸಾವುಗಳು ಯಾವ ಪುಸ್ತಕದಲ್ಲೂ ಬರೆದಾಗದೆ ಮಣ್ಣಾದವು. ಇದನ್ನೇ ನಾವು ಕಾಲದ ಪರೀಕ್ಷೆ ಎಂದು ಕರೆಯುತ್ತಿದ್ದೆವು.

ಪ್ರಾಚೀನರಿಗೇ ಈ ದೋಷ ಕಂಡಿತ್ತು. ಸಿಸೆರೊ ಹೇಳುವ ಕಥೆಯೊಂದಿದೆ. ಸಮುದ್ರದ ಬಿರುಗಾಳಿಯಿಂದ ಪಾರಾದವರು ದೇವರಿಗೆ ಹರಕೆಯಾಗಿ ಒಪ್ಪಿಸಿದ ಚಿತ್ರಗಳನ್ನು ಗೆಳೆಯನೊಬ್ಬ ಡಯಾಗೊರಸ್ ಎಂಬ ನಾಸ್ತಿಕನಿಗೆ ತೋರಿಸಿ, ಈಗಲಾದರೂ ನಂಬು ಎಂದನಂತೆ. ಹರಕೆ ಹೊತ್ತೂ ಮುಳುಗಿದವರ ಚಿತ್ರ ಎಲ್ಲಿವೆ ಎಂದು ಡಯಾಗೊರಸ್ ಕೇಳಿದ. ಎಪಿಡೌರಸ್‌ನ ಅಸ್ಕ್ಲೀಪಿಯಸ್ ದೇಗುಲದಲ್ಲಿ ರಾತ್ರಿ ಮಲಗಿ ಕನಸಿನಲ್ಲಿ ದೇವರಿಂದ ಗುಣವಾದವರ ಕಥೆಗಳನ್ನು ಕಲ್ಲಿನಲ್ಲಿ ಕೆತ್ತಿಟ್ಟಿದ್ದರು, ಅವನ್ನು ಇವತ್ತಿಗೂ ಓದಬಹುದು. ಗುಣವಾಗದೆ ಊರಿಗೆ ಮರಳಿದವರಿಗಾಗಿ ಅಲ್ಲಿ ಕಲ್ಲಿಲ್ಲ.

ಪರಂಪರೆಯಲ್ಲಿ ಸತ್ಯವೇ ಇಲ್ಲವೇ? ಧಾರಾಳವಾಗಿದೆ. ಆದರೆ ಪರಂಪರೆಗೆ ತನ್ನಲ್ಲಿರುವ ಸತ್ಯವನ್ನೂ ಸುಳ್ಳನ್ನೂ ಬೇರೆ ಮಾಡಲು ಬರುವುದಿಲ್ಲ. ಸರ್ಪಗಂಧದ ಬೇರನ್ನೇ ನೋಡಿ. ಶತಮಾನಗಳ ಕಾಲ ಅದನ್ನು ಎರಡು ಕೆಲಸಕ್ಕೆ ಬಳಸಿದರು: ಹಾವಿನ ವಿಷ ಇಳಿಸಲು, ಹುಚ್ಚು ಇಳಿಸಲು. ಎರಡಕ್ಕೂ ಅಷ್ಟೇ ನಂಬಿಕೆ, ಅಷ್ಟೇ ಹೆಸರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಬಂಗಾಳದ ವೈದ್ಯರಿಬ್ಬರು ಅದನ್ನು ರೋಗಿಗಳಿಗೆ ಕೊಟ್ಟು, ಮನಸ್ಸಿನ ಉದ್ರೇಕ ತಗ್ಗುತ್ತದೆ, ರಕ್ತದೊತ್ತಡವೂ ಇಳಿಯುತ್ತದೆ ಎಂದು ಬರೆದರು. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ 50 ರೋಗಿಗಳ ರಕ್ತದೊತ್ತಡವನ್ನು ಅಳೆದು ಬರೆದ ವರದಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂದಾಗ ಜಗತ್ತು ತಿರುಗಿ ನೋಡಿತು. ಮೂರು ವರ್ಷದಲ್ಲಿ ಅದರ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. ಹುಚ್ಚಿನ ಮದ್ದು ನಿಜವಾಗಿತ್ತು, ಹಾವಿನ ಮದ್ದು ಸುಳ್ಳಾಗಿತ್ತು. ಒಂದೇ ಬೇರು, ಒಂದೇ ಪರಂಪರೆ, ಒಂದೇ ಪ್ರಾಚೀನತೆ. ಪ್ರಾಚೀನತೆಯೇ ಸಾಕ್ಷಿಯಾಗಿದ್ದರೆ ಎರಡೂ ನಿಜವಾಗಬೇಕಿತ್ತು.

ಈ ಚರ್ಚೆಯಲ್ಲಿ ಎಲ್ಲರೂ ಎತ್ತುವ ಹೆಸರು ಚೀನಾದ ಟು ಯೂಯೂ ಅವರದು. ಹಳೆಯ ಗ್ರಂಥದಿಂದ ಮಲೇರಿಯ ಮದ್ದು ತೆಗೆದು 2015ರಲ್ಲಿ ನೊಬೆಲ್ ಪಡೆದರು, ಪ್ರಾಚೀನ ವೈದ್ಯ ಗೆದ್ದಿತು ಎನ್ನುತ್ತಾರೆ. ಅವರು ಮಾಡಿದ್ದೇನು ಎಂದು ಯಾರೂ ಓದಿರುವುದಿಲ್ಲ. 1967ರಲ್ಲಿ ಶುರುವಾದ ಸೇನೆಯ ಗುಪ್ತ ಯೋಜನೆಗೆ ಅವರು ಸೇರಿದ್ದು 1969ರಲ್ಲಿ. ಎರಡು ಸಾವಿರಕ್ಕೂ ಹೆಚ್ಚು ಹಳೆಯ ಮದ್ದುಗಳನ್ನು ಕಲೆಹಾಕಿ, 640ನ್ನು ಪುಸ್ತಕ ಮಾಡಿ, ಇನ್ನೂರರಷ್ಟು ಗಿಡಗಳಿಂದ 380 ಸಾರಗಳನ್ನು ತೆಗೆದು ಇಲಿಗಳ ಮೇಲೆ ನೋಡಿದರು. ಒಂದರ ಮೇಲೊಂದು ಸೋತವು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಭರವಸೆ ಹುಟ್ಟಿಸಿ ಮತ್ತೆ ಕೈಕೊಟ್ಟಿತು. ಆಗ ನಾಲ್ಕನೆಯ ಶತಮಾನದ ಗ ಹಾಂಗ್ ಎಂಬಾತನ ತುರ್ತು ಚಿಕಿತ್ಸೆಯ ಪುಸ್ತಕದಲ್ಲಿ, ಆ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಎಂದಿದ್ದದ್ದು ಅವರ ಕಣ್ಣಿಗೆ ಬಿತ್ತು. ಕುದಿಸಿದರೆ ಸತ್ವ ಹಾಳಾಗುತ್ತಿರಬಹುದೇ? ಕಡಿಮೆ ಶಾಖದಲ್ಲಿ ಆವಿಯಾಗುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿ ಇಲಿಗಳ ಮಲೇರಿಯವನ್ನು ಪೂರ್ತಿ ತೊಡೆದುಹಾಕಿತು. ರೋಗಿಗಳಿಗೆ ಕೊಡುವ ಮೊದಲು ಅವರೂ ಸಹೋದ್ಯೋಗಿಗಳೂ ಅದನ್ನು ತಾವೇ ನುಂಗಿ ನೋಡಿದರು.

ಅದೇ ಗ ಹಾಂಗ್ ಅದೇ ಪುಸ್ತಕದಲ್ಲಿ, ಹುಚ್ಚುನಾಯಿ ಕಚ್ಚಿದರೆ ಆ ನಾಯಿಯನ್ನು ಕೊಂದು ಅದರ ಮಿದುಳನ್ನು ಗಾಯಕ್ಕೆ ಹಚ್ಚಿ ಎಂದಿದ್ದಾನೆ. ರೇಬೀಸ್ ವೈರಾಣು ನಾಯಿಯ ಮೈಯಲ್ಲಿ ದಟ್ಟವಾಗಿ ತುಂಬಿರುವ ಜಾಗವೇ ಮಿದುಳು. ಹಾಗೆ ಹಚ್ಚಿಸಿಕೊಂಡವರಲ್ಲೂ ಬದುಕಿದವರು ಇದ್ದಿರಲೇಬೇಕು, ಏಕೆಂದರೆ ಹುಚ್ಚುನಾಯಿ ಕಚ್ಚಿದವರೆಲ್ಲರಿಗೂ ರೇಬೀಸ್ ತಗಲುವುದಿಲ್ಲ. ಆ ಬದುಕಿದವರೇ ಸಾವಿರದ ಆರುನೂರು ವರ್ಷ ಆ ಸಾಲಿಗೆ ಸಾಕ್ಷಿಯಾಗಿ ನಿಂತರು. ಟು ಯೂಯೂ ಆ ಪುಸ್ತಕವನ್ನು ಪ್ರಮಾಣವೆಂದು ಹಿಡಿಯಲಿಲ್ಲ, ಸುಳಿವೆಂದು ಹಿಡಿದರು. ಈ ಎರಡು ಓದುಗಳ ನಡುವೆ ಜೀವ ಸಾವಿನ ಅಂತರವಿದೆ.

ಸುಳಿವು ಕೊಟ್ಟವರನ್ನು ನಾನು ಸಣ್ಣವರನ್ನಾಗಿ ಮಾಡುವುದಿಲ್ಲ. ಇಂಗ್ಲೆಂಡಿನ ಶ್ರಾಪ್‌ಷೈರ್‌ನ ಮುದುಕಿಯೊಬ್ಬಳು ತನ್ನ ಮನೆತನದ ಗುಟ್ಟಾಗಿ ಇಟ್ಟುಕೊಂಡಿದ್ದ, ಇಪ್ಪತ್ತರಷ್ಟು ಸೊಪ್ಪುಗಳ ಕಷಾಯ ಜಲೋದರಕ್ಕೆ ಗುಣ ಕೊಡುತ್ತದೆಂದು 1775ರಲ್ಲಿ ಡಾ. ವಿಲಿಯಂ ವಿದರಿಂಗ್ ಕಿವಿಗೆ ಬಿತ್ತು. ಅದರಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಗಿಡ ಒಂದೇ ಎಂದು ಗುರುತಿಸಿದ ಆತ ಹತ್ತು ವರ್ಷ ಅದನ್ನು ಕೊಟ್ಟು ನೋಡಿದ. 1785ರ ತನ್ನ ಪುಸ್ತಕದಲ್ಲಿ ಗೆದ್ದ ರೋಗಿಗಳ ಜೊತೆ ಸೋತವರನ್ನೂ, ವಿಷವೇರಿ ನರಳಿದವರನ್ನೂ ಬರೆದ. ಗೆದ್ದವರನ್ನಷ್ಟೇ ಆರಿಸಿ ಹೇಳುವುದು ಸುಲಭವಿತ್ತು, ಅದು ಸತ್ಯಕ್ಕೆ ದ್ರೋಹ ಎಂದು ಮುನ್ನುಡಿಯಲ್ಲೇ ಹೇಳಿಕೊಂಡ. ಹೃದಯದ ಮದ್ದಾದ ಡಿಜಿಟಾಲಿಸ್ ಬಂದದ್ದು ಹೀಗೆ. ಬಾಸ್ಟನ್ನಿನಲ್ಲಿ ಗುಲಾಮನಾಗಿದ್ದ ಒನೆಸಿಮಸ್ ಎಂಬ ಆಫ್ರಿಕಾದವ, ತನ್ನ ನಾಡಿನಲ್ಲಿ ಸಿಡುಬಿನ ಕೀವನ್ನು ಚರ್ಮಕ್ಕೆ ತಗಲಿಸಿ ರೋಗ ತಡೆಯುತ್ತಾರೆ ಎಂದು ಯಜಮಾನ ಕಾಟನ್ ಮ್ಯಾದರ್‌ಗೆ ಹೇಳಿದ. 1721ರ ಸಿಡುಬಿನಲ್ಲಿ ಡಾ. ಬಾಯ್ಲ್‌ಸ್ಟನ್ ಅದನ್ನು ಮಾಡಿ ಎಣಿಸಿದಾಗ, ಕೀವು ಹಾಕಿಸಿಕೊಂಡ 248 ಜನರಲ್ಲಿ ಸತ್ತವರು 6; ತಾನಾಗಿ ಸಿಡುಬು ಬಂದ 5,889 ಜನರಲ್ಲಿ ಸತ್ತವರು 844. ಇದೇ ಕ್ರಮ ಬಂಗಾಳದಲ್ಲಿ, ಚೀನಾದಲ್ಲಿ, ತುರ್ಕಿಯಲ್ಲಿ ಮೊದಲಿನಿಂದಲೂ ಇತ್ತು. ಪಟ್ಟಣದ ವಿದ್ವಾಂಸ ವೈದ್ಯರು ಅದನ್ನು ಕಾಡುಜನರ ಮೂಢನಂಬಿಕೆ ಎಂದು ಜರೆದಿದ್ದರು. ಲೆಕ್ಕದ ಮುಂದೆ ಅವರ ಬಾಯಿ ಕಟ್ಟಿತು. ಎಣಿಕೆ ಜನಪದ ಜ್ಞಾನದ ಶತ್ರುವಲ್ಲ, ಬಡವರ ಗುಲಾಮರ ತಿಳಿವಿಗೆ ದೊಡ್ಡವರ ಸಭೆಯಲ್ಲಿ ನ್ಯಾಯ ದೊರಕಿಸಿದ್ದೂ ಅದೇ.

ನಿಮ್ಮದು ಪಶ್ಚಿಮದ ಕಣ್ಣು ಎಂಬ ಆರೋಪ ನನಗೆ ಗೊತ್ತು. ಆದರೆ ಸೋಲನ್ನೂ ಒಪ್ಪಿ ಬರೆದಿಡುವ ರೂಢಿ ಪಶ್ಚಿಮದ ಸ್ವತ್ತಲ್ಲ. ಕ್ರಿ.ಪೂ. 1600ರ ಸುಮಾರಿನ ಈಜಿಪ್ಟಿನ ಒಂದು ಹಸ್ತಪ್ರತಿ, ಎಡ್ವಿನ್ ಸ್ಮಿತ್ ಪಪೈರಸ್, 48 ಗಾಯಗಳನ್ನು ವಿವರಿಸಿ, ಪ್ರತಿಯೊಂದಕ್ಕೂ ತೀರ್ಪು ಬರೆಯುತ್ತದೆ: ಇದನ್ನು ವಾಸಿ ಮಾಡುತ್ತೇನೆ, ಇದರೊಡನೆ ಹೋರಾಡುತ್ತೇನೆ, ಇದಕ್ಕೆ ನನ್ನಲ್ಲಿ ಚಿಕಿತ್ಸೆಯಿಲ್ಲ. ನಮ್ಮ ಚರಕ ಸಂಹಿತೆಯೂ ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ವಿಂಗಡಿಸಿ, ಅಸಾಧ್ಯವಾದದ್ದಕ್ಕೆ ಕೈ ಹಾಕಿದ ವೈದ್ಯ ಹೆಸರನ್ನೂ ಹಣವನ್ನೂ ಕಳೆದುಕೊಳ್ಳುತ್ತಾನೆ ಎಂದು ಎಚ್ಚರಿಸುತ್ತದೆ. ತಮ್ಮ ಕೈಯಲ್ಲಿ ಆಗದ್ದನ್ನು ಆಗುವುದಿಲ್ಲ ಎಂದು ಬರೆದಿಟ್ಟವರು ಅವರು. ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರಿನವರೆಗೆ ಬುಡಸಮೇತ ವಾಸಿ ಮಾಡುತ್ತೇವೆ ಎಂದು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಬರೆಸುವವರಿಗೆ ಆ ಹಿರಿಯರ ಹೆಸರು ಹೇಳುವ ಹಕ್ಕಿಲ್ಲ.

ಇಂಗ್ಲಿಷ್ ಔಷಧಗಳೂ ಜನರನ್ನು ಕೊಂದಿಲ್ಲವೇ? ಕೊಂದಿವೆ, ಅಂಗಹೀನರನ್ನಾಗಿ ಮಾಡಿವೆ. ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ 1957ರಲ್ಲಿ ಮಾರುಕಟ್ಟೆಗೆ ಬಂತು. ಬಸುರಿಯರು ಅದನ್ನು ನುಂಗಿದರು, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದರು. 1961ರ ನವೆಂಬರಿನಲ್ಲಿ ಅದನ್ನು ಹಿಂದಕ್ಕೆ ಪಡೆದರು. ಅದೊಂದು ಘೋರ ಅಪರಾಧ, ಕಂಪನಿಯ ದುರಾಸೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ವಿಷ ಸಿಕ್ಕಿಬೀಳಲು ಹಿಡಿದದ್ದು ನಾಲ್ಕು ವರ್ಷ, ಏಕೆಂದರೆ ಮಕ್ಕಳನ್ನು ಎಣಿಸಿ, ತಾಯಂದಿರನ್ನು ಕೇಳಿ, ಬರೆದುಕೊಂಡ ವೈದ್ಯರಿದ್ದರು. ಅರಿಸ್ಟೊಲೋಕಿಯ ಎರಡು ಸಾವಿರ ವರ್ಷ ತಪ್ಪಿಸಿಕೊಂಡಿತು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೂ ಕಾಲದ ಪರೀಕ್ಷೆ ದೊಡ್ಡದು ಎನ್ನುವವರು ಯಾವ ಲೆಕ್ಕದ ಮೇಲೆ ಹಾಗೆನ್ನುತ್ತಾರೋ ನನಗೆ ಅರ್ಥವಾಗುವುದಿಲ್ಲ.

ದುಃಖದ ಸಂಗತಿಯೆಂದರೆ ಈ ಭ್ರಮೆ ಪಂಕ್ತಿಯ ಮಾತಾಗಿ ಉಳಿದಿಲ್ಲ, ಕಾನೂನಾಗಿ ಕೂತಿದೆ. ಔಷಧ ಮತ್ತು ಪ್ರಸಾಧನ ನಿಯಮಗಳಿಗೆ 2010ರಲ್ಲಿ ಸೇರಿದ 158-ಬಿ ನಿಯಮದ ಪ್ರಕಾರ, ಅಂಗೀಕೃತ ಶಾಸ್ತ್ರಗ್ರಂಥಗಳಲ್ಲಿ ಹೇಳಿದ ಆಯುರ್ವೇದ, ಸಿದ್ಧ, ಯುನಾನಿ ಔಷಧವನ್ನು ಹೇಳಿದಂತೆಯೇ ತಯಾರಿಸಿ ಹೇಳಿದ ರೋಗಕ್ಕೇ ಮಾರುವವರು ಸುರಕ್ಷತೆಯ ಅಧ್ಯಯನ ಒಪ್ಪಿಸಬೇಕಾಗಿಲ್ಲ. ಗುಣಕ್ಕೆ ಗ್ರಂಥದ ಆಧಾರ ಸಾಕು. ಪ್ರಾಚೀನವಾದದ್ದು ಎಂಬುದೇ ಸರ್ಕಾರದ ಕಣ್ಣಿನಲ್ಲಿ ಪ್ರಮಾಣಪತ್ರ. ಈ ನಿಯಮ ಹೋಗಬೇಕು. ಲೈಸೆನ್ಸ್ ಕೇಳುವವರು ಗ್ರಂಥದ ಪುಟದ ಜೊತೆಗೆ ರೋಗಿಗಳ ಲೆಕ್ಕವನ್ನೂ ತರಬೇಕು: ಎಷ್ಟು ಜನಕ್ಕೆ ಕೊಟ್ಟಿರಿ, ಎಷ್ಟು ಜನಕ್ಕೆ ವಾಸಿಯಾಯಿತು, ಎಷ್ಟು ಜನಕ್ಕೆ ಆಗಲಿಲ್ಲ, ಕೊಡದೇ ಇದ್ದವರ ಕಥೆ ಏನಾಯಿತು. ಅಷ್ಟರವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ ಬರುವ ಪ್ರತಿಯೊಬ್ಬರಿಗೂ ಇನ್ನೊಂದು ಪ್ರಶ್ನೆ ಕೇಳಿ ಕೇಸ್ ಶೀಟಿನಲ್ಲಿ ಬರೆದಿಡಲಿ: ಇಷ್ಟು ವರ್ಷಗಳಲ್ಲಿ ಯಾವ ಯಾವ ಬೇರು, ಪುಡಿ, ಕಷಾಯ ಕುಡಿದಿದ್ದೀರಿ, ಎಷ್ಟು ದಿನ ಕುಡಿದಿರಿ, ಯಾರು ಕೊಟ್ಟರು?